ಸಿಇಟಿ ಸೀಟಲ್ಲಿ ಮೆರಿಟ್, ಜಾತಿ, ಬಡತನ: ಯಾವುದು ಎಲ್ಲಿ ಲೆಕ್ಕಕ್ಕೆ ಬರುತ್ತೆ?

ಬಯಲುಸೀಮೆ: "ಬಡವರ ಮಕ್ಕಳ ಫೀಸು ಸರ್ಕಾರ ಕಟ್ಟಲಿ, ಸೀಟು ಮಾತ್ರ ಮೆರಿಟ್‌ಗೇ ಹೋಗಲಿ" ಅನ್ನೋ ವಾದ ಸಿಇಟಿ ಫಲಿತಾಂಶದ ಹೊತ್ತಿಗೆ ಪ್ರತಿವರ್ಷ ಏಳುತ್ತೆ. ಎಂಜಿನಿಯರಿಂಗ್ ಮಟ್ಟಿಗೆ ಈಗಿರೋ ನಿಯಮ ಏನು? ಎಸ್‌ಎನ್‌ಕ್ಯೂ (ಸೂಪರ್ ನ್ಯೂಮರರಿ ಕೋಟಾ) ಅಂದ್ರೆ ಬಡವರ ಮೀಸಲಾತಿನಾ? 2ಎ (ಹಿಂದುಳಿದ ವರ್ಗಗಳ ಒಂದು ಪ್ರವರ್ಗ) ಕ್ಲೇಮ್ ಮಾಡಿದ್ರೆ ಜಿಎಂ (ಜನರಲ್ ಮೆರಿಟ್) ಸೀಟು ಕೈತಪ್ಪುತ್ತಾ?

ಕಾಗದಪತ್ರ: ಕೊನೇ ಪ್ರಶ್ನೆಗೆ ಮೊದಲು: ಇಲ್ಲ, ಕೈತಪ್ಪಲ್ಲ. ನೀವು ಕೊಟ್ಟ ಆದ್ಯತೆಯಂತೆ ಒಂದೊಂದೇ ಆಪ್ಷನ್ ನೋಡ್ತಾರೆ. ಅದರಲ್ಲಿ ಮೊದಲು ಜಿಎಂ ಸೀಟು, ಸಿಗದಿದ್ರೆ ನಿಮ್ಮ ವರ್ಗದ್ದು. ರ‍್ಯಾಂಕ್ ಚೆನ್ನಾಗಿದ್ದರೆ 2ಎ ಹುಡುಗ ಜಿಎಂನಲ್ಲೇ ಹೋಗ್ತಾನೆ.

ಎಸ್‌ಎನ್‌ಕ್ಯೂ ನೀವು ಹೇಳಿದ ವಾದಕ್ಕೆ ತೀರಾ ಹತ್ತಿರ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿ ಶೇ. 5. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು, ಜಾತಿ ಕೇಳಲ್ಲ, ಹಂಚೋದು ರ‍್ಯಾಂಕ್ ಮೇಲೆ. ಮನ್ನಾ ಆಗೋದು ಬೋಧನಾ ಶುಲ್ಕ ಮಾತ್ರ; ಉಳಿದ ಶುಲ್ಕ, ಹಾಸ್ಟೆಲ್ ನಿಮ್ಮದೇ. ಆಮೇಲೆ ಕಾಲೇಜಾಗಲಿ ಬ್ರಾಂಚಾಗಲಿ ಬದಲಿಸೋಕೆ ಬರಲ್ಲ. ಅರ್ಜಿಯಲ್ಲೇ ಕ್ಲೇಮ್ ಮಾಡದೆ ಸೀಟು ಹಂಚೋವಾಗ ಕೇಳಿದ್ರೆ ಆಗಲ್ಲ.

ತುಂಗಾತೀರ: ಜಾತಿ ಮೀಸಲಾತಿ ಬಡತನ ನಿವಾರಣೆಗೆ ಅಂದುಕೊಂಡರೆ ಲೆಕ್ಕ ಹೊಂದಲ್ಲ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ-1ಕ್ಕೆ ಆದಾಯ ಮಿತಿಯೇ ಇಲ್ಲ. 2ಎ, 2ಬಿ, 3ಎ, 3ಬಿಗೆ ಕೆನೆಪದರದ (ಅದೇ ವರ್ಗದ ಉಳ್ಳವರನ್ನ ಹೊರಗಿಡೋ) ತಡೆ ಇದೆ. ಅಂದ್ರೆ ಆ ಕೋಟಾ ನೋಡೋದು ಸಮಾಜದಲ್ಲಿ ಎಲ್ಲಿ ನಿಲ್ಲಿಸಿದ್ದಾರೆ ಅನ್ನೋದನ್ನ, ಜೇಬು ಆಮೇಲೆ. ನನ್ನ ಪ್ರಕಾರ ಜಾತಿ, ಬಡತನ ಇವೆರಡನ್ನ ಬೆರೆಸದೆ ಇಟ್ಟಿರೋದೇ ಸರಿ.

ಪತ್ರ ಮಾತ್ರ ಸರಿಯಾದದ್ದೇ ತನ್ನಿ. ಪ.ಜಾ./ಪ.ಪಂ.ಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ಇ, 2ಎಯಿಂದ 3ಬಿವರೆಗೆ ಎಫ್. ನಾಡಕಚೇರಿಯಿಂದ ಬಂದ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿರೋದು) ಅರ್ಜಿಯಲ್ಲಿ ಹಾಕಿದಾಗ ಹೆಸರು, ವರ್ಗ ಹೊಂದಬೇಕು. ಕೇಂದ್ರದ ಒಬಿಸಿ ಪ್ರಮಾಣಪತ್ರ ಇಲ್ಲಿ ನಡೆಯಲ್ಲ.

ನೇರಮಾತು: ಹಾಗಾದ್ರೆ 2ಎ ಪತ್ರ ಇರೋ ಗುತ್ತಿಗೆದಾರನ ಮಗನಿಗೂ ಕೂಲಿಯವರ ಮಗನಿಗೂ ಒಂದೇ ಅಳತೆ ಆಯ್ತಲ್ಲ ಸಾರ್?

ತುಂಗಾತೀರ: ಗುತ್ತಿಗೆದಾರನ ಆದಾಯ ಸರಿಯಾಗಿ ಬರೆದ್ರೆ ಕೆನೆಪದರದಲ್ಲಿ ಬಿದ್ದುಹೋಗ್ತಾನೆ. ಸರಿಯಾಗಿ ಬರೆಯಲ್ಲ ಅನ್ನೋದು ನಿಜವಾದ ರೋಗ. ಸಂಬಳದವರ ಆದಾಯ ಫಾರ್ಮ್-16ರಲ್ಲಿ ಸಿಕ್ಕಿಬೀಳುತ್ತೆ, ವ್ಯಾಪಾರದ್ದು ಗ್ರಾಮ ಆಡಳಿತಾಧಿಕಾರಿಯ ವರದಿ ಮೇಲೆ ನಿಲ್ಲುತ್ತೆ.

ಕಾಗದಪತ್ರ: ಅದಕ್ಕೇ ಕೂಲಿಯವರ ಮಕ್ಕಳಿಗೆ ಜಾಸ್ತಿ ಉಪಯೋಗ ಆಗೋದು ಗ್ರಾಮೀಣ ಶೇ. 15 ಮತ್ತು ಕನ್ನಡ ಮಾಧ್ಯಮ ಶೇ. 5 ಮೀಸಲಾತಿ. ಇವು ಪ್ರತಿ ವರ್ಗದ ಒಳಗೇ ಇರ್ತವೆ: 2ಎಆರ್ (ಗ್ರಾಮೀಣ), 2ಎಕೆ (ಕನ್ನಡ ಮಾಧ್ಯಮ) ಹೀಗೆ. ಎರಡಕ್ಕೂ 1ರಿಂದ 10ನೇ ತರಗತಿ, ಪೂರ್ತಿ ಹತ್ತು ವರ್ಷ ಬೇಕು. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣ ಅಲ್ಲ. ಹಳ್ಳಿಯಲ್ಲಿ ಏಳನೇವರೆಗೆ ಓದಿ ಹೈಸ್ಕೂಲಿಗೆ ಪೇಟೆಗೆ ಹೋದವರು ಎಡವೋದು ಇಲ್ಲೇ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು. ಎರಡು ತಾಲ್ಲೂಕಿನಲ್ಲಿ ಓದಿದ್ರೆ ಎರಡೂ ಕಡೆಯಿಂದ. ಜಿಎಂ ಅಭ್ಯರ್ಥಿ ಗ್ರಾಮೀಣ ಕೇಳೋದಾದ್ರೆ ಕೆನೆಪದರಕ್ಕೆ ಸೇರಿಲ್ಲ ಅನ್ನೋ ಪತ್ರವೂ ಸೇರಬೇಕು.

ಬಯಲುಸೀಮೆ: ರಾಯಚೂರು, ಯಾದಗಿರಿ ಕಡೆಯವರಿಗೆ?

ಕಾಗದಪತ್ರ: ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬೇರೇನೇ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8. ಅರ್ಹತಾ ಪ್ರಮಾಣಪತ್ರ ಕೊಡೋದು ಉಪವಿಭಾಗಾಧಿಕಾರಿ, ತಹಶೀಲ್ದಾರ್ ಅಲ್ಲ. ಪಿಯುಸಿ ಪರೀಕ್ಷೆ ಮುಗಿಯೋದರೊಳಗೆ ಮಾಡಿಸಿಟ್ಟುಕೊಳ್ಳಿ.