ಗೇಮ್ ಮಾಡೋದು ಪ್ರೀತಿಗೋ, ದುಡ್ಡಿಗೋ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನನಗೆ 27 ವರ್ಷ. ಹುಬ್ಬಳ್ಳಿಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷದಿಂದ ರಾತ್ರಿ ಕೂತು ಒಂದು ಗೇಮ್ ಮಾಡುತ್ತಿದ್ದೇನೆ. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯೋಣ ಅನಿಸುತ್ತಿದೆ. ದುಡ್ಡಿನ ಲೆಕ್ಕ ಹಾಕಿದರೆ ಗೇಮ್ ಕೆಡುತ್ತದೆ ಅಂತಾರೆ ಗೆಳೆಯರು. ದುಡ್ಡು ಹುಟ್ಟದ್ದು ಕೆಲಸವೇ ಅಲ್ಲ ಅಂತಾರೆ ಅಪ್ಪ. ಏನು ಮಾಡಲಿ?

ಮೈಸೂರಿನಿಂದ: ನಾನು ಚೌಕಾಬಾರವನ್ನು ಮೊಬೈಲಿಗೆ ತಂದೆ. ಅದರಲ್ಲಿ ಮೂರು ವಾರ ಬರೀ ಕವಡೆಯ ಸದ್ದಿಗೇ ಹೋಯಿತು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ದಾಳ ಉರುಳಿದ ಹಾಗಿತ್ತು. ಕೊನೆಗೆ ಅಜ್ಜಿ ಮನೆಯ ಕೆಂಪು ಗಾರೆ ನೆಲದ ಮೇಲೆ, ಫ್ಯಾನ್ ಆರಿಸಿ, ನಾಲ್ಕು ಕವಡೆ ಹಾಕಿ ಹಾಕಿ ರೆಕಾರ್ಡ್ ಮಾಡಿಕೊಂಡೆ. ನಾಲ್ಕೂ ಬೋರಲು ಬಿದ್ದಾಗಿನ ಸದ್ದೇ ಬೇರೆ, ಬಾಯಿ ಮೇಲಾಗಿ ಬಿದ್ದಾಗಿನದ್ದೇ ಬೇರೆ. ಲಾಭದ ಲೆಕ್ಕದಲ್ಲಿ ಕೂತಿದ್ದರೆ ಆ ಮೂರು ವಾರ ಕೊಡುತ್ತಲೇ ಇರಲಿಲ್ಲ. ಆಡಿದವರು ಮೊದಲು ಹೇಳುವುದು ಆ ಸದ್ದಿನ ಬಗ್ಗೆಯೇ.

ಆಮೇಲೆ ತಪ್ಪು ಮಾಡಿದೆ. ಖರ್ಚಾದರೂ ಹುಟ್ಟಲಿ ಅಂತ ಆಟದ ನಡುವೆ ಜಾಹೀರಾತು ಹಾಕಿದೆ. ಇನ್ನೇನು ಕಾಯಿ ಹಣ್ಣಾಗಬೇಕು, ಅಷ್ಟರಲ್ಲಿ ಸಾಲದ ಆ್ಯಪ್ ಬಂದು ಕೂರುತ್ತಿತ್ತು. ನಮ್ಮ ದೊಡ್ಡಮ್ಮನೇ ಆಡೋದು ಬಿಟ್ಟರು. ತೆಗೆದುಹಾಕಿ, ಆಟ ಮುಗಿದ ಮೇಲೆ ಒಂದೇ ಒಂದು ಇಟ್ಟೆ. ಈಗ ಬರುವುದು ಇಂಟರ್ನೆಟ್ ಬಿಲ್ಲಿಗೆ ಸರಿಹೋಗುತ್ತದೆ, ಅಷ್ಟೇ. ಆದರೆ ಹಾಗೆ ತೆಗೆಯುವ ಧೈರ್ಯ ಬಂದದ್ದು ತಿಂಗಳ ಸಂಬಳ ಇತ್ತು ಅಂತಲೇ. ಅದಕ್ಕೇ ಹೇಳುತ್ತೇನೆ, ಈಗಲೇ ಕೆಲಸ ಬಿಡಬೇಡಿ.

ಕೆಲಸ ಬಿಟ್ಟು ನೋಡಿದವನು: ಕೈಯಲ್ಲಿ ಹತ್ತು ತಿಂಗಳ ಖರ್ಚಿಟ್ಟುಕೊಂಡು ಬಿಟ್ಟೆ. ಏಳನೇ ತಿಂಗಳಿಗೆ ನಿದ್ದೆ ಹಾರಿಹೋಯಿತು. ನನ್ನ ಗೇಮ್ ಬದಿಗಿಟ್ಟು, ಆಗ ಚೆನ್ನಾಗಿ ಓಡುತ್ತಿದ್ದ ಒಂದರ ಥರದ್ದನ್ನೇ ಅವಸರದಲ್ಲಿ ಮಾಡಿದೆ. ಅದೂ ಓಡಲಿಲ್ಲ, ನನ್ನದೂ ಮುಗಿಯಲಿಲ್ಲ. ಪ್ರೀತಿ ಇತ್ತು, ಆದರೆ ಭಯ ಅದನ್ನು ತಿಂದುಹಾಕಿತು.

ಮೊದಲು ಒಂದು ಹಾಳೆ ತಗೊಂಡು ಲೆಕ್ಕ ಬರೆಯಿರಿ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮಿನಲ್ಲಿ ಒಂದು ಗೇಮ್ ಹಾಕಲು 100 ಡಾಲರ್. ಮಾರಿದ್ದರಲ್ಲಿ ಶೇ. 30 ಅವರ ಪಾಲು. 300 ರೂಪಾಯಿಯ ಗೇಮಿಗೆ ನಿಮ್ಮ ಕೈಗೆ ಹೆಚ್ಚೆಂದರೆ 210. ತಿಂಗಳಿಗೆ 30,000 ಬೇಕಾದರೆ ಪ್ರತಿ ತಿಂಗಳೂ 143 ಜನ ಕೊಳ್ಳಬೇಕು, ಅದೂ ತೆರಿಗೆ ಹಿಡಿಯದೆ. ಎರಡು ಗಂಟೆಯೊಳಗೆ ಆಡಿ, 14 ದಿನದಲ್ಲಿ ದುಡ್ಡು ವಾಪಸ್ ಕೇಳುವವರೂ ಇರುತ್ತಾರೆ.

ದುಡ್ಡು ಕೇಳಿದರೆ ಗೇಮ್ ಕೆಡುತ್ತದೆ ಅನ್ನೋದನ್ನು ಮಾತ್ರ ನಾನು ಒಪ್ಪೋದಿಲ್ಲ. ಅಮೆರಿಕದ ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಅಣ್ಣತಮ್ಮಂದಿರು 2006ರಿಂದ ಡ್ವಾರ್ಫ್ ಫೋರ್ಟ್ರೆಸ್ ಅನ್ನೋ ತಮ್ಮ ಗೇಮನ್ನು ಉಚಿತವಾಗಿಯೇ ಕೊಡುತ್ತ ಬಂದರು. ಆಡುವವರು ಕಳಿಸಿದ ದೇಣಿಗೆಯಲ್ಲೇ ಬದುಕಿದರು. ಆಸ್ಪತ್ರೆ ಖರ್ಚಿನ ಚಿಂತೆ ಹತ್ತಿದ ಮೇಲೆ, 2022ರ ಡಿಸೆಂಬರಿನಲ್ಲಿ, ಚಿತ್ರಗಳಿರುವ ಹೊಸ ರೂಪವನ್ನು ಸ್ಟೀಮಿನಲ್ಲಿ ಮಾರಾಟಕ್ಕಿಟ್ಟರು. ಜನ ಖುಷಿಯಿಂದ ಕೊಂಡರು. ಉಚಿತವಾದದ್ದನ್ನೂ ಅವರು ನಿಲ್ಲಿಸಲಿಲ್ಲ.

ಮನೆಯವರ ಕಡೆಯಿಂದ: ಗೇಮ್ ಮಾಡೋದು ನಮ್ಮ ಯಜಮಾನರು, ನಾನಲ್ಲ. ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಗೇಮನ್ನು ಎರಿಕ್ ಬರೋನ್ ಒಬ್ಬರೇ ನಾಲ್ಕೂವರೆ ವರ್ಷ ಕೂತು ಮಾಡಿದರು ಅಂತ ಎಲ್ಲರೂ ಹೇಳುತ್ತಾರೆ. ಆ ದಿನಗಳಲ್ಲಿ ಅವರು ಸಿಯಾಟಲ್‌ನ ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುತ್ತಿದ್ದರು, ಅವರ ಸಂಗಾತಿಯೂ ದುಡಿದು ಮನೆ ನಡೆಸುತ್ತಿದ್ದರು. ಇದನ್ನು ಹೇಳುವವರು ಕಡಿಮೆ. ನಾವಿಬ್ಬರೂ ಕೂತು ಮಾತಾಡಿ ಗೇಮಿಗೆ 18 ತಿಂಗಳು ಅಂತ ಗೊತ್ತು ಮಾಡಿಕೊಂಡೆವು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಅದಾದ ಮೇಲೆ ಜಗಳ ನಿಂತಿತು.

ನೀವು ಮಾಡುತ್ತಿರುವ ಗೇಮನ್ನು ನಿಮ್ಮ ತಂದೆ ಆಡಿದ್ದಾರಾ? ಮುಂದಿನ ಸಲ ಊರಿಗೆ ಹೋದಾಗ ಅವರ ಮುಂದೆ ಲ್ಯಾಪ್‌ಟಾಪ್ ಇಡಿ. ಏನೂ ವಿವರಿಸಬೇಡಿ, ಪಕ್ಕದಲ್ಲಿ ಸುಮ್ನೆ ಕೂತಿರಿ.