ಹಳೇ 800 ಬೆಳಿಗ್ಗೆ ಚಳೀಲಿ ಗಡಗಡ ನಡುಗುತ್ತೆ, ಬಿಸಿ ಆದ್ಮೇಲೆ ಏನೂ ಇಲ್ಲ. ಎಲ್ಲಿಂದ ನೋಡ್ಲಿ?

ತೋಟದಹುಡುಗ (ಮೂಡಿಗೆರೆ ಕಡೆ)

ನಮಸ್ಕಾರ ಎಲ್ರಿಗೂ. ಅಪ್ಪ ತಗೊಂಡಿದ್ದ 98ನೇ ಇಸವಿ ಮಾರುತಿ 800, ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರ್ಸೋ ಭಾಗ) ಇರೋ ಗಾಡಿ, ನಾಲ್ಕೇ ಗೇರು. ಮೀಟರ್ 1.12 ಲಕ್ಷ ತೋರ್ಸುತ್ತೆ ಆದ್ರೆ ಮಧ್ಯ ಎರಡು ವರ್ಷ ಮೀಟರ್ ಕೇಬಲ್ಲೇ ಕಟ್ಟಾಗಿತ್ತು, ಹಾಗಾಗಿ ಅದನ್ನ ನಂಬಂಗಿಲ್ಲ.

ಈಗ ಕಾಫಿ ಕುಯ್ಲು ಶುರು, ಬೆಳಿಗ್ಗೆ ಆರೂವರೆಗೆಲ್ಲ ಲೈನ್ ಮನೆ (ತೋಟದ ಕೆಲ್ಸದವ್ರ ಮನೆ ಸಾಲು) ಹತ್ರ ಇರ್ಬೇಕು. ಚೋಕ್ ಪೂರ್ತಿ ಎಳ್ದು ನಾಕೈದು ಸಲ ಸೆಲ್ಫ್ ಹೊಡುದ್ರೆ ಸ್ಟಾರ್ಟ್ ಆಗುತ್ತೆ, ಆದ್ರೆ ಸ್ಟೇರಿಂಗ್ ಹಿಡ್ಕೊಂಡ್ರೆ ಕೈಯೆಲ್ಲಾ ಅದುರುತ್ತೆ, ಆಕ್ಸಿಲರೇಟರ್ ಒತ್ತುದ್ರೆ ಮೇಲೆ ಏಳೋ ಬದ್ಲು ಗುಳುಕ್ ಅಂತ ಮುಗ್ಗರಿಸುತ್ತೆ, ಚೋಕ್ ಸ್ವಲ್ಪ ಒಳಗೆ ತಳ್ಳಿದ್ರೂ ಆಫ್. ಗೇಟ್ ಮುಂದಿನ ಏರು ಹತ್ತೋಕೆ ದೇವ್ರನ್ನ ನೆನೀಬೇಕು. ಹತ್ತು ನಿಮಿಷ ಕಳೀತು ಅಂದ್ರೆ ಇದೇ ಗಾಡಿನಾ ಅನ್ನೋ ಹಾಗೆ ಓಡುತ್ತೆ.

ಪೇಟೆ ಮೆಕ್ಯಾನಿಕ್ ಎರಡು ಸಲ ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನ್ ಮಾಡ್ದ, ಪ್ಲಗ್ ಹೊಸದು ಹಾಕ್ದ, ಒಟ್ಟು 1,800 ಆಯ್ತು. ಅವ್ನ ಹತ್ರ ಹೋದಾಗ ಒಂದು ಸಲಾನೂ ನಡುಗ್ಲಿಲ್ಲ. ಈಗ ಕಾರ್ಬ್ಯುರೇಟರೇ ಹೊಸದು ಹಾಕ್ಸಿ ಅಂತಿದಾನೆ. ಹಾಕ್ಸೋದಾ?

ಹುಬ್ಬಳ್ಳಿಮಂದಿ

ಬ್ಯಾಡ್ರೀ ಅಣ್ಣಾರ, ರೊಕ್ಕ ಸುಮ್ನ ಹೋಗ್ತದ. ಎರಡು ಸಲ ತೊಳದ್ರೂ ಏನೂ ಫರಕ್ ಆಗಿಲ್ಲ ಅಂದ್ರ ಕಸ ಅದರಾಗ ಇಲ್ಲ. ಮದ್ಲ ಒಂದು ಹೇಳ್ರಿ, ನೀವು ಗ್ಯಾರೇಜಿಗೆ ಎಷ್ಟ್ ಗಂಟೆಕ್ಕ ಹೋಗಿದ್ರಿ?

ತೋಟದಹುಡುಗ

ಹನ್ನೊಂದು ಹನ್ನೊಂದೂವರೆ. ಇಲ್ಲಿಂದ 14 ಕಿಲೋಮೀಟರ್.

ಹುಬ್ಬಳ್ಳಿಮಂದಿ

ಅಲ್ಲೇ ಐತಿ ನೋಡ್ರಿ ಕಥಿ. 14 ಕಿಲೋಮೀಟರ್ ಓಡಿ, ಬಿಸಲಾಗ ನಿಂತ ಗಾಡಿ ಹೆಂಗ್ ನಡಗಬೇಕು. ಜ್ವರ ಇಳದ ಮ್ಯಾಲೆ ಡಾಕ್ಟರ್ ಹತ್ರ ಹೋದಂಗ ಆತು. ಒಂದಿನ ರಾತ್ರಿ ಗಾಡಿ ಅಲ್ಲೇ ಬಿಟ್ಟು ಬರ್ರಿ, ಮುಂಜಾನೆ ಅವನೇ ಸ್ಟಾರ್ಟ್ ಮಾಡ್ಲಿ. ಇಲ್ಲಾ ನೀವೇ ಎದ್ದು ನೋಡ್ರಿ.

ಹಳೇಕಬ್ಬಿಣ (ಬೆಂಗಳೂರು)

ಹುಬ್ಬಳ್ಳಿಯವ್ರು ಹೇಳಿದ್ದೇ ಸರಿ. ನನ್ ಹತ್ರಾನೂ ಇಂಥದ್ದೇ ಒಂದಿತ್ತು, ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ.

ತಣ್ಣಗಿರೋ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿ ಆಗಲ್ಲ, ಅರ್ಧ ಹನಿ ಹನಿಯಾಗಿ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರಿಂದ ಸಿಲಿಂಡರ್‌ಗೆ ಹೋಗೋ ಕೊಳವೆ) ಗೋಡೆಗೆ ಅಂಟ್ಕೊಂಡು ಬಿಡುತ್ತೆ, ಹಾಗಾಗಿ ಸಿಲಿಂಡರ್‌ಗೆ ಸಿಗೋ ಮಿಕ್ಸ್ಚರ್ ತೆಳು. ಅದಕ್ಕೇ ಚೋಕ್ ಇರೋದು, ಗಾಳಿ ಕಮ್ಮಿ ಮಾಡಿ ಪೆಟ್ರೋಲ್ ಜಾಸ್ತಿ ಎಳ್ಸೋಕೆ. ನಿಮ್ ಚೋಕ್ ನಾಬ್ ಪೂರ್ತಿ ಹೊರಗೆ ಬಂದಿದೆ ಅಂದ್ಮಾತ್ರಕ್ಕೆ ಒಳಗೆ ತಗಡು ಪೂರ್ತಿ ಮುಚ್ಚಿದೆ ಅಂತ ಏನಿಲ್ಲ, ಕೇಬಲ್ ಕ್ಲಾಂಪ್ ಸ್ವಲ್ಪ ಜಾರಿದ್ರೂ ಮುಕ್ಕಾಲೇ ಮುಚ್ಚೋದು. ಏರ್ ಕ್ಲೀನರ್ ಬಿಚ್ಚಿ ಕಾರ್ಬ್ಯುರೇಟರ್ ಬಾಯಿ ಕಾಣೋ ಹಾಗೆ ಮಾಡಿ, ಇನ್ನೊಬ್ರಿಗೆ ನಾಬ್ ಎಳೀರಿ ಅನ್ನಿ, ನೀವು ಟಾರ್ಚ್ ಹಿಡ್ದು ನೋಡಿ. ಐದು ನಿಮಿಷದ ಕೆಲ್ಸ.

ಆದ್ರೆ ನಂಗೆ ಡೌಟು ಬೇರೆ ಇದೆ. ಮಿಕ್ಸ್ಚರ್ ತೆಳುವಾದ್ರೆ ಆಫ್ ಆಗೋದು, ಮುಗ್ಗರಿಸೋದು ಸರಿ, ಸ್ಟೇರಿಂಗ್ ಅದುರೋ ಅಷ್ಟು ನಡುಗೋದು ಒಂದು ಸಿಲಿಂಡರ್ ಸತ್ತಾಗ. ಇರೋದೇ ಮೂರು, ಒಂದು ಹೋದ್ರೆ ಗೊತ್ತಾಗದೇ ಇರುತ್ತಾ? ಬೆಳಿಗ್ಗೆ ನಡುಗ್ತಾ ಇರೋವಾಗ್ಲೇ ಹಿಡಿಗೆ ರಬ್ಬರ್ ಇರೋ ಇಕ್ಕಳದಲ್ಲಿ ಪ್ಲಗ್ ವೈರ್ ಒಂದೊಂದೇ ತೆಗ್ದು ವಾಪಸ್ ಹಾಕಿ. ತೆಗ್ದಾಗ ಇಂಜಿನ್ ಇನ್ನೂ ಕುಗ್ಗುದ್ರೆ ಆ ಸಿಲಿಂಡರ್ ಕೆಲ್ಸ ಮಾಡ್ತಿತ್ತು ಅಂತ. ಯಾವುದನ್ನ ತೆಗ್ದ್ರೆ ಏನೂ ವ್ಯತ್ಯಾಸ ಆಗಲ್ವೋ ಅದೇ ಕಳ್ಳ. ಆಮೇಲೆ ಆ ಪ್ಲಗ್ ಬಿಚ್ಚಿ ನೋಡಿ, ಪೆಟ್ರೋಲಲ್ಲಿ ಒದ್ದೆಯಾಗಿದ್ರೆ ಕಿಡಿ ಬರ್ತಿಲ್ಲ ಅಂತ ಲೆಕ್ಕ.

ಮತ್ತೆ ಇನ್ನೂ ಕತ್ಲೆ ಇರೋವಾಗ ಬಾನೆಟ್ ಎತ್ತಿ, ಲೈಟ್ ಎಲ್ಲಾ ಆಫ್ ಮಾಡಿ ಸ್ಟಾರ್ಟ್ ಮಾಡಿ. ಮಂಜು ಕೂತು ವೈರ್, ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್‌ಗೂ ಕರೆಂಟು ಹಂಚೋ ಭಾಗ) ಕ್ಯಾಪ್ ಒದ್ದೆ ಆಗಿದ್ರೆ ಕರೆಂಟು ಅಡ್ಡದಾರಿ ಹಿಡ್ಯೋದು ಕಣ್ಣಿಗೇ ಕಾಣುತ್ತೆ. ಶೆಡ್ ಬಾಗ್ಲು ಹಾಕ್ಕೊಂಡು ಮಾತ್ರ ಇದೆಲ್ಲ ಮಾಡ್ಬೇಡಿ, ಚೋಕ್ ಎಳ್ದಿರೋ ಗಾಡಿ ಹೊಗೆ ವಿಷ. ಕ್ಯಾಪ್ ಮುಟ್ಟೋಕೂ ಹೋಗ್ಬೇಡಿ, ನಾನು ಒಂದು ಸಲ ಮುಟ್ಟಿ ಮೊಣಕೈವರೆಗೂ ಜುಮ್ ಅಂದಿದ್ದು ಇನ್ನೂ ನೆನಪಿದೆ.

ಸ್ಪೀಡ್‌ರಾಜ

ಗುಜರಿಗೆ ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತಗೊಳ್ಳಿ ಗುರು, ಯಾಕ್ ಇಷ್ಟೊಂದು ತಲೆನೋವು

ತೋಟದಹುಡುಗ

ಅಪ್ಪನ ಗಾಡಿ ಸರ್. ಮಾರಲ್ಲ.

ತೋಟದಹುಡುಗ (ನಾಲ್ಕು ದಿನ ಆದ್ಮೇಲೆ)

ಸಿಕ್ತು!! ಇವತ್ತು ಐದೂ ಮುಕ್ಕಾಲಿಗೆ ಎದ್ದೆ, ಹೊರಗೆ ಮಂಜು ಅಂದ್ರೆ ಹತ್ತು ಅಡಿ ಆಚೆ ಕಿತ್ತಳೆ ಗಿಡ ಕಾಣ್ತಿರ್ಲಿಲ್ಲ, ತಮ್ಮನ್ನ ಬೈದು ಎಬ್ಬಿಸ್ಕೊಂಡು ಬಂದು ಸೆಲ್ಫ್ ಹೊಡ್ಯೋಕೆ ಕೂರ್ಸಿದೆ. ಬಾನೆಟ್ ಒಳಗೆ ನೋಡಿದ್ರೆ ಮಧ್ಯದ ಪ್ಲಗ್ ವೈರ್‌ನಿಂದ ಪಕ್ಕದ ಕಬ್ಬಿಣಕ್ಕೆ ಚಿಟ್ ಚಿಟ್ ಅಂತ ನೀಲಿ ಕಿಡಿ, ಇಂಜಿನ್ ತಾಳಕ್ಕೆ ಸರಿಯಾಗಿ. ಆಫ್ ಮಾಡಿ ಟಾರ್ಚ್ ಬಿಟ್ರೆ ವೈರ್ ಅಡಿಭಾಗದಲ್ಲಿ ಎರಡು ಹಲ್ಲಿನ ಗುರುತು. ಇಲಿ! ಮೇಲಿಂದ ನೋಡುದ್ರೆ ಏನೂ ಕಾಣಲ್ಲ, ಅದಕ್ಕೇ ಮೆಕ್ಯಾನಿಕ್‌ಗೂ ಕಂಡಿಲ್ಲ. ಆ ವೈರ್ ತೆಗ್ದು ಹಾಕುದ್ರೂ ಇಂಜಿನ್ ಸದ್ದು ಒಂಚೂರೂ ಬದಲಾಗ್ಲಿಲ್ಲ, ಪ್ಲಗ್ ಒದ್ದೆ ಮುದ್ದೆ.

ವೈರ್ ಸೆಟ್ ಬದಲಾಯಿಸ್ದೆ, ನಡುಕ ಹೋಯ್ತು. ಆದ್ರೆ ಚೋಕ್ ಬೇಗ ಒಳಗೆ ತಳ್ಳಿದ್ರೆ ಇನ್ನೂ ಆಫ್ ಆಗುತ್ತೆ. ತಗಡು ನೋಡ್ದೆ, ಪೂರ್ತಿ ಎಳ್ದಾಗ್ಲೂ ಬೆಂಕಿಕಡ್ಡಿ ತೂರೋ ಅಷ್ಟು ಸಂದಿ ಇತ್ತು, ಕ್ಲಾಂಪ್ ಸ್ಕ್ರೂ ಬಿಗಿ ಮಾಡಿ ಮುಚ್ಚೋ ಹಾಗೆ ಮಾಡಿದೀನಿ.

ಹಳೇಕಬ್ಬಿಣ

ಸೂಪರ್. ಬಿಸಿ ಆದಾಗ ಯಾಕೆ ಸರಿಯಾಗ್ತಿತ್ತು ಅಂದ್ರೆ ಇಂಜಿನ್ ಶಾಖಕ್ಕೆ ವೈರ್ ಮೇಲಿನ ನೀರು ಒಣಗಿ ಹೋಗ್ತಿತ್ತು, ಕಿಡಿಗೆ ಅಡ್ಡದಾರಿ ಬಂದ್.

ಚೋಕ್ ವಿಷ್ಯ, ಒಂದೆರಡು ನಿಮಿಷ ಬೇಕೇ ಬೇಕು, ಅದು ಕಾಯ್ಲೆ ಅಲ್ಲ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಪೆಟ್ರೋಲ್. ಒಂದು ಕೆಜಿ ಪೆಟ್ರೋಲ್ ಉರಿಯೋಕೆ 14.7 ಕೆಜಿ ಗಾಳಿ ಬೇಕಾದ್ರೆ ಎಥನಾಲ್‌ಗೆ 9 ಕೆಜಿ ಸಾಕು, ಅಂದ್ರೆ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಹೊಸ ಗಾಡೀಲಿ ಸೆನ್ಸರ್ ನೋಡ್ಕೊಂಡು ಅಡ್ಜಸ್ಟ್ ಮಾಡ್ಕೊಳುತ್ತೆ, ನಮ್ ಕಾರ್ಬ್ಯುರೇಟರ್ ಜೆಟ್‌ಗೆ ಅದೇನ್ ಗೊತ್ತು, 98ರಲ್ಲಿ ಕೊರೆದ ತೂತು ಅಷ್ಟೇ ಇದೆ. ಎಥನಾಲ್ ಆವಿ ಆಗೋಕೆ ಶಾಖಾನೂ ಜಾಸ್ತಿ ಕೇಳುತ್ತೆ, ಚಳೀಲಿ ಅದೂ ಒಂದು ಕಾಟ. ಹಳೇ ರಬ್ಬರ್ ಪೆಟ್ರೋಲ್ ಪೈಪ್‌ಗಳನ್ನೂ ಒಂದು ಸಲ ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ರೆ ಕಾಯ್ಬೇಡಿ, ತೆಗ್ದು ಬಿಸಾಕಿ.

ಹುಬ್ಬಳ್ಳಿಮಂದಿ

ಇಲಿಗೆ ಏನ್ ಮಾಡಿದ್ರಿ ಮತ್ತ? ಹೊಸಾ ವೈರೂ ತಿಂತಾವ ಅವು.

ತೋಟದಹುಡುಗ

ರಾತ್ರಿ ಬಾನೆಟ್ ಎತ್ತಿ ಇಡ್ತಿದೀನಿ, ಬೆಚ್ಚಗೆ ಕತ್ಲೆ ಇದ್ರೆ ತಾನೇ ಬರೋದು. ಇಲಿ ಬರ್ತಿಲ್ಲ ಈಗ, ಆದ್ರೆ ಮನೆ ಬೆಕ್ಕು ಇಂಜಿನ್ ಮೇಲೆ ಮಲಗೋಕೆ ಶುರು ಮಾಡಿದೆ, ದಿನಾ ಅದನ್ನ ಎಬ್ಬಿಸಿ ಆಮೇಲೆ ಚೋಕ್ ಎಳೀಬೇಕು.