ಮಕ್ಕಳ ಜೊತೆ ಕಲ್ಲಣಬೆ ಹುಡುಕಲು ಹೋಗಬಹುದಾ?

ಪ್ರಶ್ನೆ: ಕಾರ್ಕಳದ ಹತ್ತಿರ ಅಜ್ಜಿ ಮನೆಗೆ ಬಂದಿದ್ದೇವೆ. ಗುಡುಗು, ಮಳೆ ಶುರುವಾಗಿದೆ, ಮಣ್ಣಿನಡಿ ಸಿಗುವ ಕಲ್ಲಣಬೆಯ ಕಾಲ. ಮಕ್ಕಳು ಬೆಂಗಳೂರಲ್ಲಿ ಬೆಳೆದವರು, ಹಾಡಿಯಲ್ಲಿ (ಊರ ಹತ್ತಿರದ ಕಾಡಲ್ಲಿ) ಅಣಬೆ ಕಂಡವರಲ್ಲ. ಏನೇನು ನೋಡಿಕೊಳ್ಳಬೇಕು?

ಉತ್ತರ 1: ಖಂಡಿತ ಹೋಗಿ! ನಮ್ಮ ಮನೆಯಲ್ಲಿ ಮಕ್ಕಳದ್ದೇ ಕಣ್ಣು ಚುರುಕು. ಬೋಗಿ ಎಂಬ ಕಾಡುಮರದ ಬುಡದಲ್ಲಿ ತರಗೆಲೆ ಸರಿಸಿ, ಮಣ್ಣು ಮೆಲ್ಲಗೆ ಕೆದಕಿ. ಗೋಲಿಯಂಥ ಗಟ್ಟಿ ಉಂಡೆ ಸಿಗುತ್ತದೆ. ಒಂದೊಂದನ್ನೂ ಕತ್ತರಿಸಿ ನೋಡಿ. ಒಳಗೆಲ್ಲ ಒಂದೇ ಸಮ ಬೆಳ್ಳಗಿರಬೇಕು. ಕಪ್ಪಾಗಿದ್ದರೆ ಬಲಿತಿರಬಹುದು, ಬಿಟ್ಟುಬಿಡಿ. ಒಳಗೆ ಪುಟ್ಟ ಕೊಡೆಯ ಗೆರೆ ಕಂಡರೆ ಬಿಸಾಡಿ, ಅದು ವಿಷದ ಅಣಬೆಯ ಮೊಗ್ಗಿರಬಹುದು.

ಉತ್ತರ 2: ವಿಷದ ಅಣಬೆಯಾದರೆ ಬೆಳ್ಳಿ ಚಮಚ, ಬೆಳ್ಳುಳ್ಳಿ ಕಪ್ಪಾಗುತ್ತದೆ ಅನ್ನುವ ಪರೀಕ್ಷೆಯನ್ನೆಲ್ಲ ದಯವಿಟ್ಟು ನಂಬಬೇಡಿ. ಕೆಲವು ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಶುರುವಾಗಲು 6 ಗಂಟೆಗಿಂತ ಜಾಸ್ತಿ ಹಿಡಿಯಬಹುದು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಅಜ್ಜಿಯೇ ಜೊತೆಗೆ ಬರುತ್ತಾರಂತೆ. ಅವರು ಒಪ್ಪಿದ್ದನ್ನು ಮಾತ್ರ ಸಾರಿಗೆ ಹಾಕುತ್ತೇವೆ.